ದರಕಿಗೊಂದು ಯಂತ್ರ

ಓಕ್ ಮರ ಎಲೆಯನ್ನು ಒಂದೇ ಸಲಕ್ಕೆ ಬಿಟ್ಟುಕೊಡುವುದಿಲ್ಲ. ಮೇಪಲ್ ಹಾಗಲ್ಲ. ಅಕ್ಟೋಬರ್ ನಡುವಿನಲ್ಲಿ ಒಂದು ರಾತ್ರಿ ಗಾಳಿ ಮಳೆ ಹೊಡೆದರೆ ಸಾಕು, ಬೆಳಗಾಗುವಷ್ಟರಲ್ಲಿ ಮರ ಬೋಳು, ಅಂಗಳ ಕೆಂಪು. ಅದನ್ನು ಗುಡಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಹೊತ್ತಿಗೆ ಹಿಕರಿ ಶುರುವಾಗುತ್ತದೆ. ಅದೂ ಮುಗಿಯಿತು ಎನ್ನುವಾಗ ಓಕ್. ಚರ್ಮದ ಹಾಗೆ ದಪ್ಪನೆಯ ಕಂದು ಎಲೆ, ನವೆಂಬರ್ ಕೊನೆಯವರೆಗೂ ಬೀಳುತ್ತಲೇ ಇರುತ್ತದೆ. ಕೆಲವು ಮರಗಳಂತೂ ಹಿಮ ಬಿದ್ದ ಮೇಲೂ ಒಂದಿಷ್ಟನ್ನು ಹಿಡಿದುಕೊಂಡು ನಿಂತಿರುತ್ತವೆ. ನಮ್ಮ ಜಾಗದಲ್ಲಿ ಓಕ್ ಮರಗಳೇ ಹೆಚ್ಚು.

ಜಾಗ ಎಂದರೆ ಐದೂವರೆ ಎಕರೆ, ಕನೆಕ್ಟಿಕಟ್ ರಾಜ್ಯದ ಈಶಾನ್ಯ ಮೂಲೆಯ ವಿಂಡಮ್ ಕೌಂಟಿಯಲ್ಲಿ. ಮನೆಯ ಸುತ್ತ ಒಂದೂವರೆ ಎಕರೆ ಹುಲ್ಲು, ಉಳಿದದ್ದು ಕಾಡು. ಕಾಡಿನ ನಡುವೆಯೇ ಹಳೆಯ ಕಲ್ಲಿನ ಪಾಗಾರಗಳು ಹಾದುಹೋಗಿವೆ. ಇನ್ನೂರು ವರ್ಷದ ಹಿಂದೆ ಇದೆಲ್ಲ ಹೊಲ ಮತ್ತು ಹುಲ್ಲುಗಾವಲು; ರೈತರು ಗುಡ್ಡ ಬೋಳಿಸಿ, ಉಳುವಾಗ ಸಿಕ್ಕ ಕಲ್ಲನ್ನು ಅಂಚಿಗೆ ಒಟ್ಟಿದ್ದರು. ಆಮೇಲೆ ಅವರು ಪಶ್ಚಿಮದ ಒಳ್ಳೆಯ ಮಣ್ಣಿಗೆ, ಊರಿನ ಗಿರಣಿಗಳಿಗೆ ಹೋದರು, ಕಾಡು ವಾಪಸು ಬಂತು. ಕಲ್ಲು ಮಾತ್ರ ಈಗಲೂ ಮೇಲೆ ಬರುತ್ತಲೇ ಇದೆ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗಲೆಲ್ಲ ಒಂದಿಷ್ಟು ಕಲ್ಲು ಮೇಲೇಳುತ್ತದೆ. ಈ ಕಲ್ಲಿನ ಮಾತು ಮುಂದೆ ಮತ್ತೆ ಬರುತ್ತದೆ.

ಮೊದಲ ಎರಡು ವರ್ಷ ನಾನೂ ನನ್ನ ಗಂಡನೂ ಎಲೆ ತೆಗೆಯುವ ಕೆಲಸವನ್ನು ಕೈಯಲ್ಲೇ ಮಾಡಿದೆವು. ಬಿದಿರು ಹಲ್ಲಿನ ರೇಕು, ಒಂದು ನೀಲಿ ಟಾರ್ಪಾಲು, ಬೆನ್ನಿಗೆ ಹಾಕಿಕೊಳ್ಳುವ ಬ್ಲೋವರ್. ಶನಿವಾರ ಭಾನುವಾರ ಎರಡೂ ಹೋಗುತ್ತಿದ್ದವು. ಎರಡನೆಯ ವರ್ಷ ಅವನ ಭುಜ ಹಿಡಿದುಕೊಂಡಿತು. ಮೂರನೆಯ ವರ್ಷ, ಆಗಸ್ಟಿನಲ್ಲೇ, ಟ್ರ್ಯಾಕ್ಟರಿಗೆ ಜೋಡಿಸುವ, ಗಾಳಿಯಿಂದ ಎಲೆ ಹೀರಿ ಎಳೆಯುವ ಯಂತ್ರ ಹುಡುಕಲು ಕೂತೆವು. ಟ್ರ್ಯಾಕ್ಟರ್ ಮೊದಲೇ ಇತ್ತು: ಕುಬೋಟಾ ಬಿಎಕ್ಸ್ ಸಾಲಿನ ಕಿತ್ತಳೆ ಬಣ್ಣದ ಪುಟ್ಟ ಗಾಡಿ, 23 ಎಚ್‌ಪಿ ಡೀಸೆಲ್ ಎಂಜಿನ್. ಹಿಮ ತಳ್ಳಲು, ಹುಲ್ಲು ಕತ್ತರಿಸಲು, ಸೌದೆ ಎಳೆಯಲು ಅದೇ.

ಹುಡುಕುತ್ತಾ ಹೋದ ಹಾಗೆ ನನಗೊಂದು ಕಸಿವಿಸಿ ಶುರುವಾಯಿತು. ಯಂತ್ರದ ವಿವರಣೆಯಲ್ಲೆಲ್ಲ ಎಲೆ ಎಂದರೆ ಕಸ. ಎಷ್ಟು ಬೇಗ ತೊಲಗಿಸಬಹುದು, ಎಷ್ಟು ಚೊಕ್ಕಟ ಮಾಡಬಹುದು ಎನ್ನುವುದೇ ಮಾತು. ನಾನು ಹುಟ್ಟಿ ಬೆಳೆದದ್ದು ಸಿದ್ದಾಪುರ ತಾಲೂಕಿನ ಅಡಿಕೆ ತೋಟದ ಮನೆಯಲ್ಲಿ. ನಮ್ಮಲ್ಲಿ ಬಿದ್ದ ಎಲೆಗೆ ದರಕು ಎನ್ನುತ್ತೇವೆ. ಘಟ್ಟದ ಆಚೀಚೆ ಹೋದರೆ ದರಗು, ದರಲೆ, ತರಗೆಲೆ. ದರಕಿಗೆ ಯಜಮಾನರಿದ್ದರು. ತೋಟವಿದ್ದವರಿಗೆ ಬ್ರಿಟಿಷರ ಕಾಲದಿಂದ ಬಂದ ಸೊಪ್ಪಿನ ಬೆಟ್ಟದ ಹಕ್ಕು, ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂದು ಊರಿನ ಲೆಕ್ಕ. ನೆಲ ಸರ್ಕಾರದ್ದು, ಸೊಪ್ಪು ದರಕು ನಮ್ಮದು. ಬೆಟ್ಟದ ಗಡಿ ದಾಟಿ ಎರಡು ಕಲ್ಲಿ ದರಕು ಗುಡಿಸಿಕೊಂಡರು ಎಂಬ ಕಾರಣಕ್ಕೆ ಅಣ್ಣತಮ್ಮಂದಿರ ಮನೆಗಳ ನಡುವೆ ವರ್ಷಗಟ್ಟಲೆ ಮಾತು ನಿಂತದ್ದನ್ನು ಕಂಡಿದ್ದೇನೆ.

ಕಲ್ಲಿ ಎಂದರೆ ಹಗ್ಗದ ದೊಡ್ಡ ಬಲೆ. ಮಾಗಿ ಚಳಿ ಕಳೆದು ಮತ್ತಿ, ನಂದಿ, ಹೊನ್ನೆ, ಜಂಬೆ ಎಲೆ ಉದುರಿಸಿದ ಮೇಲೆ ಬೆಳಿಗ್ಗೆ ಬೇಗ ಬೆಟ್ಟಕ್ಕೆ ಹೋಗುವುದು. ಇಬ್ಬನಿಯ ಪಸೆ ಇರುವಾಗಲೇ ಗುಡಿಸಬೇಕು. ಬಿಸಿಲೇರಿದರೆ ದರಕು ಗರಿಗರಿಯಾಗಿ ಪುಡಿ ಎದ್ದು ಕಲ್ಲಿಯೊಳಗೆ ನಿಲ್ಲುವುದಿಲ್ಲ. ಆಯಿ, ಅಂದರೆ ನನ್ನ ಅಮ್ಮ, ಬರಲಿನಿಂದ ಗುಡಿಸಿ ರಾಶಿ ಮಾಡುತ್ತಿದ್ದಳು, ನಾವು ಮಕ್ಕಳು ಕಲ್ಲಿಯೊಳಗೆ ಇಳಿದು ಕಾಲಲ್ಲಿ ತುಳಿದು ಗಿಡಿಯುತ್ತಿದ್ದೆವು. ಆಳಿನ ತಲೆಯ ಮೇಲೆ ಕಲ್ಲಿ ಕೂತರೆ ಮನುಷ್ಯ ಕಾಣುತ್ತಿರಲಿಲ್ಲ, ದರಕಿನ ಗುಡ್ಡವೊಂದು ಎರಡು ಕಾಲಲ್ಲಿ ಇಳಿದು ಬಂದ ಹಾಗೆ. ಅದು ಕೊಟ್ಟಿಗೆಗೆ ಹೋಗಿ ದನದ ಕಾಲಡಿಯ ಹಾಸಾಗುತ್ತಿತ್ತು. ಸಗಣಿ ಗಂಜಲ ಹೀರಿಕೊಂಡು, ಗೊಬ್ಬರದ ಗುಂಡಿಗೆ ಬಿದ್ದು, ಕೊಳೆತು, ಅಡಿಕೆ ಮರದ ಬುಡಕ್ಕೆ ಹೋಗುತ್ತಿತ್ತು. ಒಣ ಎಲೆಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಒಂದು ಪಾಲು ಸಾರಜನಕಕ್ಕೆ ಇಂಗಾಲ ಐವತ್ತು ಅರವತ್ತು ಪಾಲು ಇರುವುದೂ ಉಂಟು. ಗೊಬ್ಬರ ಚೆನ್ನಾಗಿ ಕಾಯಲು ಆ ಲೆಕ್ಕ ಮೂವತ್ತರ ಹತ್ತಿರ ಬರಬೇಕು. ಈ ವಿಜ್ಞಾನವನ್ನು ನಾನು ಇಲ್ಲಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ನಮ್ಮ ಕೊಟ್ಟಿಗೆಯಲ್ಲಿ ಆ ಲೆಕ್ಕವನ್ನು ದನಗಳೇ ಸರಿಮಾಡುತ್ತಿದ್ದವು.

ಹಾಗಾಗಿ ಐದೂವರೆ ಎಕರೆಯ ದರಕನ್ನು ಎಳೆದು ಎಲ್ಲಿಗೋ ಸುರಿಯುವ ಯಂತ್ರಕ್ಕೆ ದುಡ್ಡು ಕೊಡುವುದು ನನ್ನ ಕೈಯಲ್ಲಿ ಆಗಲಿಲ್ಲ. ಹಾಗೆಂದು ಬಿಟ್ಟುಬಿಡುವ ಹಾಗೂ ಇರಲಿಲ್ಲ. ಕಾರಣ ಉಣುಗು.

ಲೈಮ್ ಎಂಬ ಊರು ಇದೇ ಕನೆಕ್ಟಿಕಟ್‌ನಲ್ಲಿದೆ, ನಮ್ಮಿಂದ ದಕ್ಷಿಣಕ್ಕೆ, ಸಮುದ್ರದ ದಡಕ್ಕೆ ಹತ್ತಿರ. 1975ರಲ್ಲಿ ಆ ಭಾಗದ ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ಕೀಲು ಊದಿಕೊಳ್ಳತೊಡಗಿದಾಗ, ಇದು ಆಕಸ್ಮಿಕವಲ್ಲ ಎಂದು ಹಟ ಹಿಡಿದು ಆರೋಗ್ಯ ಇಲಾಖೆಯ ಬಾಗಿಲು ತಟ್ಟಿದವರಲ್ಲಿ ಪಾಲಿ ಮರ್ರೆ ಎಂಬ ತಾಯಿ ಒಬ್ಬರು. ಯೇಲ್ ವಿಶ್ವವಿದ್ಯಾಲಯದ ವೈದ್ಯರು ಬೆನ್ನು ಹತ್ತಿದರು. 1980ರ ದಶಕದ ಆರಂಭದಲ್ಲಿ ವಿಜ್ಞಾನಿ ವಿಲಿ ಬರ್ಗ್‌ಡಾರ್ಫರ್ ಈ ಕಾಯಿಲೆ ತರುವ ಬ್ಯಾಕ್ಟೀರಿಯಾವನ್ನು ಉಣುಗಿನ ಹೊಟ್ಟೆಯಲ್ಲಿ ಕಂಡುಹಿಡಿದರು. ಕಾಯಿಲೆಗೆ ಊರಿನ ಹೆಸರೇ ಉಳಿಯಿತು. ಈ ಉಣುಗು ಬಾಳುವುದು ಕಾಡಿನಂಚಿನ ತೇವದ ಎಲೆರಾಶಿಯಲ್ಲಿ. ನಾವು ಬಂದ ಎರಡನೇ ಬೇಸಿಗೆಯಲ್ಲಿ ನನ್ನ ಗಂಡನ ಮಂಡಿಯ ಹಿಂದೆ ಗುರಿಹಲಗೆಯ ಹಾಗೆ ಕೆಂಪು ವೃತ್ತ ಎದ್ದಿತು, ಆ ಕಾಯಿಲೆಯ ಗುರುತು. ಬೇಗ ಕಂಡದ್ದರಿಂದ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲಿ ಗುಣವಾಯಿತು.

ಈ ಭಯ ನನಗೆ ಹೊಸದಲ್ಲ. ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಅಲ್ಲಿ ಅದು ವೈರಸ್ಸು, ಇಲ್ಲಿ ಬ್ಯಾಕ್ಟೀರಿಯಾ. ಮನುಷ್ಯನಿಗೆ ಉಣುಗು ಹತ್ತುವ ಜಾಗ ಮಾತ್ರ ಎರಡೂ ಕಡೆ ದರಕೇ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ನಮ್ಮೂರಿನಲ್ಲಿ ಬೆಟ್ಟಕ್ಕೆ ಹೋಗುವವರೇ ಕಡಿಮೆಯಾದರು. ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತ ಕಡೆಯ ದರಕನ್ನು ಮನೆಗೆ ತರಬೇಡಿ ಎಂದು ಆರೋಗ್ಯ ಇಲಾಖೆಯವರು ಹೇಳಿ ಹೋಗುತ್ತಿದ್ದರು. ತೋಟ ಬದುಕುವುದೇ ದರಕಿನಿಂದ. ಅದನ್ನು ಮುಟ್ಟಬೇಡಿ ಎನ್ನುವ ಮಾತು ಎಷ್ಟು ಕಠಿಣ ಎಂದು ಆ ಮನೆಗಳಿಗೇ ಗೊತ್ತು.

ಯಂತ್ರದ ವಿಡಿಯೋ ಒಂದನ್ನು ಅಪ್ಪಯ್ಯನಿಗೆ ಕಳಿಸಿದೆ. ಸಂಜೆ ಫೋನು ಬಂತು. "ಇಂಥದ್ದೊಂದು ಇಲ್ಲಿಗೂ ಬೇಕಾಗಿತ್ತು ತಂಗಿ. ದರಕು ಗುಡ್ಸಲೆ ಜನ ಸಿಕ್ತ್ವಿಲ್ಲೆ" ಎಂದ. ಅವನಿಗೆ ಅದು ಪವಾಡದ ಹಾಗೆ ಕಂಡಿತ್ತು. ಪೈಪು ಎಷ್ಟು ದಪ್ಪ, ಕಡ್ಡಿ ಬಂದರೆ ಎಂತ ಆಗ್ತು, ಡೀಸೆಲ್ ಎಷ್ಟು ಕುಡಿತು, ಒಂದು ಟ್ರೈಲರಿಗೆ ಎಷ್ಟು ಕಲ್ಲಿ ಹಿಡಿತು, ಒಂದಾದ ಮೇಲೊಂದು ಕೇಳಿದ. ನಮ್ಮ ಬೆಟ್ಟದ ಏರಿಗೆ ಟ್ರ್ಯಾಕ್ಟರ್ ಹತ್ತುವುದಿಲ್ಲ, ಬೇರು ಕಲ್ಲುಗಳ ನಡುವೆ ಈ ಯಂತ್ರ ನಡೆಯುವುದಿಲ್ಲ ಎಂದು ನಾನು ಹೇಳಿದ ಮೇಲೂ ಅವನ ಆಸೆ ಪೂರ್ತಿ ಆರಲಿಲ್ಲ. ಆದರೆ ಅವನು ಕೇಳಿದ ಒಂದಕ್ಕೂ ನನ್ನ ಹತ್ತಿರ ಸರಿಯಾದ ಉತ್ತರವಿರಲಿಲ್ಲ. ಅವತ್ತು ರಾತ್ರಿಯಿಂದ ಯಂತ್ರವನ್ನು ಅಪ್ಪಯ್ಯನ ಪ್ರಶ್ನೆಗಳಿಂದ ನೋಡತೊಡಗಿದೆ.

ಮೊದಲು ಬಗೆಗಳು. ಒಂದು, ತನ್ನದೇ ಪೆಟ್ರೋಲ್ ಎಂಜಿನ್ ಇರುವ ಎಳೆಗಾಡಿ. ಟ್ರ್ಯಾಕ್ಟರಿನ ಹೊಟ್ಟೆಯಡಿ ಬ್ಲೇಡು ತಿರುಗಿಸಿ ಹುಲ್ಲು ಕತ್ತರಿಸುವ ಡೆಕ್ಕಿನ ಬಾಯಿಗೆ ಪೈಪು ಸಿಕ್ಕಿಸಿದರೆ ಬ್ಲೇಡು ಎತ್ತಿ ಎಸೆದ ಎಲೆಯನ್ನು ಇದು ಎಳೆದುಕೊಂಡು ಹಿಂದಿನ ಪೆಟ್ಟಿಗೆಗೆ ತುಂಬುತ್ತದೆ. ಚಿಕ್ಕ ಜಾಗಗಳಲ್ಲಿ ಹೆಚ್ಚು ಕಾಣುವುದು ಇದೇ, ಟ್ರ್ಯಾಕ್ಟರ್ ಸಣ್ಣದಿದ್ದರೂ ನಡೆಯುತ್ತದೆ. ಆದರೆ ಇನ್ನೊಂದು ಎಂಜಿನ್ ಎಂದರೆ ಇನ್ನೊಂದು ಕಾರ್ಬ್ಯುರೇಟರ್, ವರ್ಷಕ್ಕೆ ಒಂದೂವರೆ ತಿಂಗಳು ಓಡಿ ಉಳಿದ ಕಾಲ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ನಿಂತು ಕೆಡುವ ಎಂಜಿನ್. ಎರಡು, ಟ್ರ್ಯಾಕ್ಟರಿನ ಪಿಟಿಒದಿಂದಲೇ, ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಯಂತ್ರಕ್ಕೆ ಕೊಡುವ ಶಾಫ್ಟಿನಿಂದಲೇ, ತಿರುಗುವ ಫ್ಯಾನು; ಟ್ರ್ಯಾಕ್ಟರಿನ ಹಿಂದೆ ಯಂತ್ರ ಸಿಕ್ಕಿಸುವ ತ್ರೀ ಪಾಯಿಂಟ್ ಲಿಂಕೇಜಿಗೆ ಕೂರುತ್ತದೆ. ಎಂಜಿನ್ ಒಂದೇ, ಕಬ್ಬಿಣ ದಪ್ಪ, ಕೆಡುವ ಭಾಗ ಕಡಿಮೆ. ಮೂರನೆಯದು ಎಳೆಯುವುದೇ ಇಲ್ಲ, ಚಕ್ರದ ಜೊತೆ ತಿರುಗುವ ಬ್ರಷ್ಷಿನಿಂದ ಗುಡಿಸಿ ಹಿಂದಕ್ಕೆ ಎಸೆಯುತ್ತದೆ. ಒಣಗಿದ, ಸಮತಟ್ಟಾದ ಹುಲ್ಲಿನ ಮೇಲೆ ಅದರಷ್ಟು ಅಗ್ಗದ ಉಪಾಯ ಬೇರೆ ಇಲ್ಲ. ನಮ್ಮ ಒದ್ದೆ ಓಕ್ ಎಲೆಗೆ ಅದು ಸೋಲುತ್ತದೆ.

ಪಿಟಿಒ ಕಡೆಗೆ ನನ್ನ ಮನಸ್ಸು ವಾಲಿತ್ತು. ಊರಿನಲ್ಲಿ ರೋಟಾವೇಟರ್ ನೋಡಿ ಬೆಳೆದವಳಿಗೆ ಆ ತಿರುಗುವ ಶಾಫ್ಟು ಪರಿಚಿತ. ಆದರೆ ಇಲ್ಲಿಯೇ ಹೆಚ್ಚಿನವರು ಎಡವುವ ಒಂದು ಲೆಕ್ಕ ಇದೆ, ಅದನ್ನು ಬಿಡಿಸಿ ಹೇಳಬೇಕು. ಎಂಜಿನ್ 23 ಎಚ್‌ಪಿ ಎಂದು ಬರೆದಿದ್ದರೂ ಪಿಟಿಒಗೆ ಬಂದು ಮುಟ್ಟುವುದು 17-18. ಹೊಟ್ಟೆಯ ಕೆಳಗಿನ ಹುಲ್ಲಿನ ಡೆಕ್ಕೂ ಅದೇ ಎಂಜಿನಿನಿಂದ ತಿನ್ನಬೇಕು. ಡೆಕ್ಕು ಎಲೆ ಕತ್ತರಿಸುತ್ತಾ, ಹಿಂದಿನ ಫ್ಯಾನು ಎಳೆಯುತ್ತಾ, ತುಂಬಿದ ಟ್ರೈಲರ್ ಏರಿನಲ್ಲಿ ಜಗ್ಗುತ್ತಾ ಇದ್ದರೆ ಆ ಹದಿನೇಳು ಕುದುರೆ ಮೂರು ಪಾಲಾಗುತ್ತದೆ. ಪಿಟಿಒ ನಿಮಿಷಕ್ಕೆ 540 ಸುತ್ತಿನಿಂದ ಕೆಳಗಿಳಿಯುತ್ತದೆ, ಫ್ಯಾನಿನ ಗಾಳಿ ಸಾಯುತ್ತದೆ, ಎಲೆ ಪೈಪಿನ ಮೊಣಕೈಯಲ್ಲಿ ನಿಲ್ಲುತ್ತದೆ. ಅಲ್ಲಿಗೆ ಕೆಲಸವೂ ನಿಂತಿತು. ಯಂತ್ರದ ಪತ್ರಿಕೆಯಲ್ಲಿ ಬೇಕಾಗುವ ಎಚ್‌ಪಿ ಎಂದು ಬರೆದಿದ್ದರೆ ಅದು ಫ್ಯಾನಿಗೆ ಮಾತ್ರವೋ, ಡೆಕ್ಕೂ ಸೇರಿಯೋ ಎಂದು ಕೇಳಿಯೇ ಮುಂದೆ ಹೋಗಬೇಕು. ನಾವು ಹೋದ ಮೊದಲ ಅಂಗಡಿಯವರು ಇದನ್ನು ಹೇಳಲಿಲ್ಲ. ಪ್ರದರ್ಶನಕ್ಕೆಂದು ಅವರು ಒಣ ಮೇಪಲ್ ಎಲೆಯ ಮೇಲೆ ಓಡಿಸಿ ತೋರಿಸಿದರು. ಮೇಪಲ್ ಕಾಗದದ ಹಾಗೆ, ಯಾವ ಯಂತ್ರವಾದರೂ ಎಳೆಯುತ್ತದೆ. ನಮ್ಮ ಗೆಳೆಯರೊಬ್ಬರ ಜಾಗದಲ್ಲಿ ಅಂಥದ್ದೇ ಯಂತ್ರವನ್ನು ಮಳೆಯ ಮರುದಿನ ಓಕ್ ಎಲೆಯ ಮೇಲೆ ಓಡಿಸಿದಾಗ ಹತ್ತು ನಿಮಿಷಕ್ಕೊಮ್ಮೆ ಪೈಪು ಬಿಚ್ಚಿದೆವು.

ಪೈಪಿನ ದಪ್ಪದ ಬಗ್ಗೆ ಅಪ್ಪಯ್ಯ ಕೇಳಿದ್ದು ಸರಿಯೇ ಇತ್ತು. 6 ಇಂಚಿಗೂ 8 ಇಂಚಿಗೂ ಎರಡೇ ಇಂಚು ವ್ಯತ್ಯಾಸ ಎನಿಸುತ್ತದೆ. ಆದರೆ ಬಾಯಿಯ ವಿಸ್ತಾರ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ 8 ಇಂಚಿನದು ಮುಕ್ಕಾಲು ಪಾಲಿಗೂ ಮಿಕ್ಕಿ ದೊಡ್ಡದು. ಒದ್ದೆ ಓಕ್ ಎಲೆ ಆರಿಂಚಿನಲ್ಲಿ ಸಿಕ್ಕಿಕೊಳ್ಳುವುದೂ ಎಂಟಿಂಚಿನಲ್ಲಿ ಸಾಗುವುದೂ ಇದರಿಂದಲೇ. ಹತ್ತು ಇಂಚಿಗೆ ಹೋದರೆ ಫ್ಯಾನು ದೊಡ್ಡದಾಗಬೇಕು, ನಮ್ಮ ಪುಟ್ಟ ಟ್ರ್ಯಾಕ್ಟರಿಗೆ ಅದು ಮೀರಿದ್ದು.

ಕಡ್ಡಿಯ ಪ್ರಶ್ನೆಗೆ ಉತ್ತರ ಫ್ಯಾನಿನೊಳಗಿದೆ. ಎಳೆದ ಎಲ್ಲವೂ ಫ್ಯಾನಿನ ರೆಕ್ಕೆಗಳ ನಡುವೆಯೇ ಹಾದುಹೋಗುವುದರಿಂದ ಎಲೆಯ ಜೊತೆ ಕಡ್ಡಿ, ಓಕ್ ಕಾಯಿ, ಹಿಕರಿ ಕಾಯಿ, ನಾನು ಮೊದಲೇ ಹೇಳಿದ ಮೇಲೆದ್ದ ಕಲ್ಲು, ಎಲ್ಲವೂ ಅದಕ್ಕೆ ಹೊಡೆಯುತ್ತವೆ. ಹಾಗಾಗಿ ರೆಕ್ಕೆ ಎಷ್ಟು ದಪ್ಪ, ಸುತ್ತಲಿನ ಗೂಡಿಗೆ ಸವೆದರೆ ಬದಲಿಸಬಹುದಾದ ಒಳತಗಡು ಇದೆಯೇ, ಇವೆರಡನ್ನೂ ಬಾಗಿಲು ಬಿಚ್ಚಿಸಿ ಕಣ್ಣಾರೆ ನೋಡಬೇಕು. ತಗಡು ತೆಳ್ಳಗಿದ್ದರೆ ನಮ್ಮ ಕಲ್ಲುನೆಲದಲ್ಲಿ ಬಹಳ ಕಾಲ ಬಾಳುವುದಿಲ್ಲ.

ಇಷ್ಟೆಲ್ಲ ಟಿಪ್ಪಣಿ ಮಾಡಿಕೊಂಡ ಮೇಲೂ ಯಾವುದು ಎಂದು ತೀರ್ಮಾನವಾಗಲಿಲ್ಲ. ಸೆಪ್ಟೆಂಬರಿನ ಒಂದು ಭಾನುವಾರ, ಸಣ್ಣ ಬಣ್ಣದ ಬಾವುಟಗಳ ಕಟ್ಟು ಹಿಡಿದುಕೊಂಡು ಇಬ್ಬರೂ ಜಾಗ ಸುತ್ತಿದೆವು. ಎಲೆ ಇರಲೇಬಾರದ ಕಡೆ ಕೆಂಪು, ಇದ್ದಲ್ಲೇ ಇರಬೇಕಾದ ಕಡೆ ಹಸಿರು, ಪುಡಿಯಾಗಿ ಅಲ್ಲೇ ಉಳಿದರೆ ಸಾಕು ಎನ್ನುವ ಕಡೆ ಹಳದಿ.

ಕಾಡಿಗೆಲ್ಲ ಹಸಿರು. ಅದರ ಬಗ್ಗೆ ನಮ್ಮಿಬ್ಬರಲ್ಲಿ ಚರ್ಚೆಯೇ ಆಗಲಿಲ್ಲ. ಲೂನಾ ಪತಂಗ ಎಂಬ ತಿಳಿಹಸಿರಿನ, ಅಂಗೈಯಗಲದ ಚೆಲುವೆ ಚಳಿಗಾಲ ಕಳೆಯುವುದು ಬಿದ್ದ ಎಲೆಯಲ್ಲಿ ಸುತ್ತಿಕೊಂಡ ಗೂಡಿನೊಳಗೆ. ಮಿಂಚುಹುಳದ ಮರಿ ಅಲ್ಲೇ. ಇಲ್ಲಿನ ವುಡ್ ಫ್ರಾಗ್ ಎಂಬ ಕಪ್ಪೆ ಎಲೆಯಡಿಯಲ್ಲಿ ಹೆಪ್ಪುಗಟ್ಟಿ, ಹೃದಯದ ಬಡಿತವೂ ನಿಂತು, ವಸಂತದ ಮೊದಲ ಮಳೆಗೆ ಕರಗಿ ಎದ್ದು ಕೊಳಕ್ಕೆ ನಡೆಯುತ್ತದೆ. ರೇಕಿನಲ್ಲಿ ಎಳೆದರೆ ಇವುಗಳಿಗೆ ಬದುಕುವ ದಾರಿ ಒಂದಿಷ್ಟಾದರೂ ಇದೆ, ಫ್ಯಾನಿನ ರೆಕ್ಕೆಗಳ ನಡುವೆ ಹಾದರೆ ಇಲ್ಲ. ಎಲೆಯನ್ನು ಇದ್ದಲ್ಲೇ ಬಿಡಿ ಎಂದು ಕೀಟಗಳ ಉಳಿವಿಗೆ ದುಡಿಯುವ ಜರ್ಸೀಸ್ ಸೊಸೈಟಿಯಂಥ ಸಂಸ್ಥೆಗಳು ಇಲ್ಲಿ ಕೇಳಿಕೊಳ್ಳುತ್ತಲೇ ಇವೆ. ಇಡೀ ಜಾಗವನ್ನು ಎಳೆಯುವ ಯಂತ್ರ ಬೇಕು ಎಂದು ಹೊರಟಿದ್ದ ನಾವು ಆ ಒಂದು ಮಧ್ಯಾಹ್ನದಲ್ಲಿ ನಾಲ್ಕು ಎಕರೆ ಕೈಬಿಟ್ಟೆವು.

ಹುಲ್ಲಿನ ಬಹುಪಾಲಿಗೆ ಹಳದಿ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಪ್ರಯೋಗ ಮಾಡಿ ಹೇಳಿದ್ದಾರೆ, ಆರು ಇಂಚು ದಪ್ಪದ ಎಲೆಯನ್ನೂ ಡೆಕ್ಕಿನಿಂದ ಪುಡಿಮಾಡಿ ಹುಲ್ಲಿನ ಮೇಲೇ ಬಿಟ್ಟರೆ ಹುಲ್ಲಿಗೆ ಕೇಡಿಲ್ಲ. ವಾರಕ್ಕೊಮ್ಮೆ ಓಡಿಸಿದರಾಯಿತು, ಎಳೆಯುವ ಅಗತ್ಯವೇ ಇಲ್ಲ.

ಕೆಂಪು ಉಳಿದದ್ದು ಕೆಲವೇ ಕಡೆ: ಮನೆಯ ಸುತ್ತ, ನೀರು ಹರಿಯುವ ಚರಂಡಿ, ತರಕಾರಿ ಮಡಿಗಳ ಬದಿ, ಮಗಳು ಆಡುವ ಜಾಗ, ಮತ್ತು ಹುಲ್ಲು ಕಾಡಿಗೆ ತಾಗುವ ಉದ್ದನೆಯ ಅಂಚು. ಆ ಅಂಚಿನಲ್ಲೇ ಉಣುಗು. ಅಲ್ಲಿ ಎಲೆ ತೆಗೆದು, ಮೂರು ಅಡಿ ಅಗಲಕ್ಕೆ ಮರದ ಚೆಕ್ಕೆ ಅಥವಾ ಜಲ್ಲಿ ಹಾಸಿ ಎಂದು ಇಲ್ಲಿನ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, ಹೇಳುತ್ತದೆ. ಎಲ್ಲ ಕೂಡಿಸಿದರೆ ಮುಕ್ಕಾಲು ಎಕರೆಯೂ ಆಗಲಿಲ್ಲ.

ಬಾವುಟ ನೆಟ್ಟಮೇಲೆ ಯಂತ್ರ ತಾನಾಗಿ ಗೊತ್ತಾಯಿತು. ಡೆಕ್ಕಿಗೆ ಪೈಪು ಸಿಕ್ಕಿಸಿಕೊಂಡು ಮೈದಾನ ಸುತ್ತುವ ಯಂತ್ರ ನಮಗೆ ಬೇಡ. ಬ್ಲೋವರಿನಿಂದ ಎಲೆಯನ್ನು ಉದ್ದ ಸಾಲಾಗಿ ಕೂಡಿಸಿ, ಟ್ರ್ಯಾಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿ, ಕೈಯಲ್ಲಿ ಹಿಡಿಯುವ ಪೈಪಿನಿಂದ ಎಳೆಯುವಂಥದ್ದು ಸಾಕು. ಡೆಕ್ಕು ಆಫ್ ಇರುವುದರಿಂದ ಆ ಹದಿನೇಳು ಕುದುರೆಯೂ ಫ್ಯಾನಿಗೇ. ಒಂದು ತೋಟಗಾರಿಕೆ ಗುತ್ತಿಗೆದಾರರ ಬಳಿ ಬಳಸಿದ ಪಿಟಿಒ ಫ್ಯಾನು ಸಿಕ್ಕಿತು: 8 ಇಂಚಿನ ಪೈಪು, ದಪ್ಪ ರೆಕ್ಕೆ, ಬದಲಿಸಬಹುದಾದ ಒಳತಗಡು. ಪೈಪಿನ ಭಾರ ತೋಳಿಗೆ ಬೀಳದಂತೆ ಸ್ಪ್ರಿಂಗಿನಿಂದ ತೂಗುಹಾಕುವ ಕಬ್ಬಿಣದ ತೋಳೂ ಇತ್ತು. ನನ್ನ ಗಂಡನ ಭುಜದ ನೆನಪಿದ್ದ ನನಗೆ ವ್ಯಾಪಾರ ಕುದುರಿಸಿದ್ದು ಆ ತೋಳೇ. ಪೆಟ್ಟಿಗೆಯನ್ನು ನಾವೇ ಮಾಡಿಕೊಂಡೆವು. ಇದ್ದ ಟ್ರೈಲರಿನ ಮೇಲೆ 4 ಅಡಿ ಅಗಲ, 6 ಅಡಿ ಉದ್ದ, 4 ಅಡಿ ಎತ್ತರಕ್ಕೆ ಪ್ಲೈವುಡ್, ಮೇಲೆ ಗಾಳಿ ಹೋಗಲು ಜಾಲರಿ. ಜಾಲರಿಯಿಂದ ಬರುವ ಪುಡಿ ಡ್ರೈವರನ ಮುಖಕ್ಕೆ ಬರದಂತೆ ಬಾಯಿಯನ್ನು ಹಿಂದಕ್ಕೆ ತಿರುಗಿಸಿದೆವು. ಹಾಗಿದ್ದರೂ ಮಾಸ್ಕು, ಕಿವಿಗೆ ಮುಚ್ಚಿಗೆ ಬೇಕೇ ಬೇಕು.

ಎರಡು ವಿಷಯ ಮಾತ್ರ ಯಾರಿಗಾದರೂ ಗಟ್ಟಿಯಾಗಿ ಹೇಳುತ್ತೇನೆ. 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಶಾಲು, ದುಪಟ್ಟಾ, ಜಾಕೆಟಿನ ದಾರ, ಬಿಚ್ಚಿದ ಜಡೆ ಶಾಫ್ಟಿಗೆ ಸಿಕ್ಕರೆ ಕೈ ಹಿಂದೆಳೆದುಕೊಳ್ಳುವಷ್ಟು ಸಮಯ ಇರುವುದಿಲ್ಲ. ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಬರುವ ತನಕ ಯಂತ್ರ ಮುಟ್ಟಬೇಡಿ. ನಮ್ಮೂರಿನ ಟ್ರ್ಯಾಕ್ಟರುಗಳಲ್ಲಿ ಆ ಕವಚವನ್ನು ಕಿತ್ತೆಸೆದದ್ದನ್ನೇ ಹೆಚ್ಚಾಗಿ ನೋಡಿದ್ದೇನೆ, ಈಗ ನೆನೆದರೆ ಮೈ ನಡುಗುತ್ತದೆ. ಇನ್ನೊಂದು, ಪೈಪು ಕಟ್ಟಿಕೊಂಡಾಗ ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿ, ಫ್ಯಾನು ಪೂರ್ತಿ ನಿಂತದ್ದನ್ನು ನೋಡಿದ ಮೇಲೆಯೇ ಕೈ ಹಾಕಬೇಕು. ಭಾರದ ಫ್ಯಾನು ಎಂಜಿನ್ ನಿಂತ ಮೇಲೂ ಸುಮಾರು ಹೊತ್ತು ತಿರುಗುತ್ತದೆ. ಇನ್ನು ರೇಡಿಯೇಟರಿನ ಜಾಲರಿಗೆ ಎಲೆಪುಡಿ ಮೆತ್ತಿಕೊಂಡು ಎಂಜಿನ್ ಕಾಯುತ್ತದೆ. ಪ್ರತಿ ಟ್ರೈಲರ್ ಖಾಲಿ ಮಾಡುವಾಗಲೂ ಅದನ್ನು ಒರೆಸುವುದು ನನ್ನ ಪಾಲಿನ ಕೆಲಸ.

ಅಪ್ಪಯ್ಯನ ಲೆಕ್ಕಕ್ಕೂ ಉತ್ತರ ಸಿಕ್ಕಿತು. ಫ್ಯಾನಿನಲ್ಲಿ ಪುಡಿಯಾಗಿ ಹತ್ತು ಪಾಲು ಎಲೆ ಒಂದು ಪಾಲಾಗುತ್ತದೆ ಎನ್ನುವಂಥ ಮಾತುಗಳನ್ನು ಮಾರುವವರು ಹೇಳುತ್ತಾರೆ. ಟಾರ್ಪಾಲಿನಲ್ಲಿ ಅಳೆದು ಹಾಕಿದಾಗ ನಮಗೆ ಕಂಡದ್ದು ನಾಲ್ಕಕ್ಕೆ ಒಂದು. ಒಂದು ಟ್ರೈಲರಿಗೆ ಇಪ್ಪತ್ತೈದರಿಂದ ಮೂವತ್ತು ಕಲ್ಲಿ ಹಿಡಿತು ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮೂವತ್ತು ಕಲ್ಲಿ ಎಂದರೆ ಆಯಿಗೂ ಆಳುಗಳಿಗೂ ಎಷ್ಟು ಬೆಳಿಗ್ಗೆಗಳು ಎಂದು ಅವನು ಎಣಿಸುತ್ತಿದ್ದ ಎಂದು ನನಗೆ ಗೊತ್ತು. ಆಯಿಯ ಕುತ್ತಿಗೆ ನೋವು ಕೊನೆಯವರೆಗೂ ಹೋಗಲಿಲ್ಲ.

ಎಳೆದ ದರಕು ಎಲ್ಲಿಗೆ ಹೋಗುತ್ತದೆ ಎನ್ನುವುದು ಮೊದಲೇ ತೀರ್ಮಾನವಾಗಿತ್ತು. ಈ ರಾಜ್ಯದಲ್ಲಿ ಎಲೆಯನ್ನು ಮನೆಯ ಕಸದ ಜೊತೆ ಕಳಿಸುವ ಹಾಗಿಲ್ಲ, ಗೊಬ್ಬರವಾಗಬೇಕು. ಆ ಕಾನೂನು ನನಗೆ ಬಹಳ ಇಷ್ಟ. ಆದರೆ ನಮಗೆ ದನವಿಲ್ಲ. ಪಕ್ಕದ ಜಾಗದಲ್ಲಿ ಕುದುರೆ ಸಾಕುವ ಅಜ್ಜಿಯೊಬ್ಬರಿದ್ದಾರೆ. ಅವರ ಲಾಯದ ಲದ್ದಿ ನಮಗೆ, ನಮ್ಮ ಟ್ರ್ಯಾಕ್ಟರಿನಿಂದ ಅವರ ದಾರಿಯ ಹಿಮ ತಳ್ಳುವ ಕೆಲಸ ಅವರಿಗೆ. ಲದ್ದಿ ತರುವ ಮೊದಲು ಅವರು ಕೊಳ್ಳುವ ಹುಲ್ಲಿನ ಗದ್ದೆಗೆ ಅಮಿನೊಪೈರಾಲಿಡ್ ಎಂಬ ಕಳೆನಾಶಕ ಹೊಡೆದಿಲ್ಲ ಎಂದು ಕೇಳಿ ಖಚಿತಪಡಿಸಿಕೊಂಡೆ. ಆ ಔಷಧ ಕುದುರೆಯ ಹೊಟ್ಟೆ ದಾಟಿ, ಗೊಬ್ಬರವನ್ನೂ ದಾಟಿ ಬಂದು ಟೊಮೇಟೊ ಬೀನ್ಸ್ ಗಿಡಗಳನ್ನು ಮುರುಟಿಸುತ್ತದೆ.

ಇಲ್ಲಿ ಕಲಿತ ಇನ್ನೊಂದು ಸಂಗತಿ ನನ್ನ ನಂಬಿಕೆಯನ್ನೇ ಅಲುಗಿಸಿತು. ಊರಿನಲ್ಲಿ ಎರೆಹುಳು ಎಂದರೆ ರೈತನ ಮಿತ್ರ. ನ್ಯೂ ಇಂಗ್ಲೆಂಡಿನ ಈ ನೆಲ ಹಿಮಯುಗದಲ್ಲಿ ಮಂಜುಗಡ್ಡೆಯ ಕೆಳಗಿತ್ತು. ಅದು ಸರಿದ ಮೇಲೆ ಬೆಳೆದ ಕಾಡು ಎರೆಹುಳುವಿಲ್ಲದೆಯೇ, ದಪ್ಪ ಎಲೆಹಾಸನ್ನು ನಂಬಿ ಬೆಳೆದದ್ದು. ಈಗ ಏಷ್ಯಾದಿಂದ ಬಂದ, ಮುಟ್ಟಿದರೆ ಹಾವಿನ ಹಾಗೆ ನುಲಿದು ಜಿಗಿಯುವ ಎರೆಹುಳುಗಳು ಆ ಹಾಸನ್ನು ಒಂದೆರಡು ಬೇಸಿಗೆಯಲ್ಲಿ ತಿಂದು ಕಾಫಿಪುಡಿಯಂಥ ಮಣ್ಣು ಮಾಡಿಬಿಡುತ್ತವೆ. ಕಾಡಿನ ಸಣ್ಣ ಗಿಡಗಳಿಗೆ ಬೇರೂರಲು ನೆಲೆ ಸಿಗುವುದಿಲ್ಲ. ಇವುಗಳ ಮೊಟ್ಟೆ ಚಳಿಗಾಲ ದಾಟುವುದು ಮೇಲ್ಮಣ್ಣು ಮತ್ತು ಎಲೆಯಲ್ಲಿ, ಊರೂರಿಗೆ ಹರಡುವುದು ಜನ ಕೊಟ್ಟು ತೆಗೆದುಕೊಳ್ಳುವ ಎಲೆ, ಗೊಬ್ಬರ, ಗಿಡಗಳ ಜೊತೆ. ಹಾಗಾಗಿ ಯಾರು ಕೊಟ್ಟರೂ ಹೊರಗಿನ ಎಲೆ ತರುವುದಿಲ್ಲ, ನಮ್ಮದನ್ನು ಹೊರಗೆ ಕಳಿಸುವುದಿಲ್ಲ. ದರಕು ಗಡಿ ದಾಟಬಾರದು ಎಂಬ ನಮ್ಮೂರಿನ ನಿಯಮವೇ ಇಲ್ಲೂ, ಕಾರಣ ಮಾತ್ರ ಪೂರಾ ಬೇರೆ.

ಮೊದಲ ವರ್ಷ ಯಂತ್ರ ಒಟ್ಟು ಹನ್ನೊಂದು ಗಂಟೆ ಓಡಿತು. ಮೂರು ಸರತಿ: ಮೇಪಲ್ ಮುಗಿದ ಮೇಲೆ, ಹಿಕರಿ ಮುಗಿದ ಮೇಲೆ, ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಓಕಿಗೆ. ಅಂಚಿಗೆ ಚೆಕ್ಕೆ ಹಾಸಿದ್ದೂ ಆಯಿತು. ಮುಂದಿನ ಬೇಸಿಗೆ ಮಗಳ ಮೈಮೇಲೆ ಎರಡು ಉಣುಗು ಸಿಕ್ಕಿತು, ಅದರ ಹಿಂದಿನ ಬೇಸಿಗೆ ಒಂಬತ್ತು ಸಿಕ್ಕಿತ್ತು. ಒಂದು ಮನೆಯ ಒಂದು ವರ್ಷದ ಎಣಿಕೆ ಇದು, ಇದರಿಂದ ಏನನ್ನೂ ಸಾಧಿಸಲು ಬರುವುದಿಲ್ಲ. ಸಂಜೆ ಅವಳ ಕಾಲು ಕಿವಿ ಸಂದಿಗಳನ್ನು ದೀಪ ಹಿಡಿದು ನೋಡುವುದನ್ನು ಬಿಟ್ಟಿಲ್ಲ.

ಗೊಬ್ಬರದ ರಾಶಿ ನಾಲ್ಕಡಿ ಎತ್ತರಕ್ಕೆ ನಿಂತಿತು, ಒಂದು ಪದರ ದರಕಿನ ಪುಡಿ, ಒಂದು ಪದರ ಲದ್ದಿ. ಪುಡಿಯಾದ ಓಕ್ ಎಲೆ ಇಡಿಯ ಎಲೆಗಿಂತ ಬಹಳ ಬೇಗ ಮೆತ್ತಗಾಗುತ್ತದೆ. ಎಳೆಯುವ ಯಂತ್ರದ ನಿಜವಾದ ಉಪಕಾರ ನನಗೆ ಕಂಡದ್ದು ಅಲ್ಲಿ. ಜನವರಿಯ ಒಂದು ಬೆಳಿಗ್ಗೆ ಜಾಗವೆಲ್ಲ ಒಂದಡಿ ಹಿಮ, ರಾಶಿಯ ನೆತ್ತಿಯಲ್ಲಿ ಮಾತ್ರ ಹಿಮ ನಿಂತಿರಲಿಲ್ಲ, ಹಬೆ ಏಳುತ್ತಿತ್ತು. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿದೆ, 57 ಡಿಗ್ರಿ. ಫೋಟೋ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಅಲ್ಲಿ ರಾತ್ರಿ, ಊಟ ಮುಗಿಸಿ ಕವಳ ಹಾಕುವ ಹೊತ್ತು. ತಕ್ಷಣ ಫೋನು ಬಂತು.

"ಮಗುಚಿದ್ಯಾ?" ಎಂದ.

ಇಲ್ಲ, ಇಷ್ಟು ಚಳಿಯಲ್ಲಿ ಬೇಡ ಎಂದು ಬಿಟ್ಟಿದ್ದೆ ಎಂದೆ.

"ನಡು ಒಣಗಿಕ್ಕು. ನಾಳೆ ಮಗುಚು, ನೀರು ಹನಿಸು" ಎಂದ.

ಮರುದಿನ ಟ್ರ್ಯಾಕ್ಟರಿನ ಮುಂದಿನ ಬಕೆಟ್ಟಿನಲ್ಲಿ ರಾಶಿಯ ಹೊಟ್ಟೆ ತೆರೆದು ನೋಡಿದರೆ ನಡುವಿನ ಒಂದು ಮೊಳ ದರಕು ಬೂದಿಯ ಹಾಗೆ ಬೆಳ್ಳಗೆ, ಪೂರಾ ಒಣಗಿತ್ತು. ಹೊರಗಿನ ನಲ್ಲಿ ಹೆಪ್ಪುಗಟ್ಟಿದ್ದರಿಂದ ಅಡುಗೆಮನೆಯಿಂದ ಆರು ಬಕೆಟು ನೀರು ಹೊತ್ತು ಹಾಕಿದೆವು.